ಹನಿಮಾವನ ತೊಳೆಯುವ ಡಬ್ಬಿ

ಹನಿಮಾವನಿಗೆ ಆ ಹೆಸರು ಬಂದದ್ದು ಪೆಟ್ರೋಲ್ ಬಂಕಿನಲ್ಲಿ. ಹೆದ್ದಾರಿ ಪಕ್ಕದ ಬಂಕೊಂದರಲ್ಲಿ ಇಪ್ಪತ್ತೆರಡು ವರ್ಷ ಪೈಪು ಹಿಡಿದು ನಿಂತ ಮನುಷ್ಯ. ಟ್ಯಾಂಕು ತುಂಬಿದ ಮೇಲೆ ಪೈಪಿನ ಮೂತಿಯನ್ನು ಟ್ಯಾಂಕಿನ ಬಾಯಿಗೆ ಮೂರು ಸಲ ಮೆಲ್ಲಗೆ ಕುಟ್ಟದೆ ಅವರು ಹೊರಗೆ ತೆಗೆಯುತ್ತಿರಲಿಲ್ಲ. ಕೊನೆಯ ಹನಿಯೂ ಗಿರಾಕಿಯದು, ಅದು ನೆಲಕ್ಕೆ ಬೀಳಕೂಡದು ಎಂಬುದು ಅವರ ಹಟ. ಹಿಂದೆ ನಿಂತ ಲಾರಿಯವರು ಹಾರ್ನ್ ಒತ್ತಿ ಒತ್ತಿ ಬೇಸತ್ತು, ಇಳಿದು ಬಂದು ಜಗಳಕ್ಕೆ ನಿಂತರೂ ಆ ಮೂರು ಕುಟ್ಟು ಎರಡಾಗಲಿಲ್ಲ. ಅಂಥವರನ್ನು ಜನ ಹನಿ ಎನ್ನದೆ ಇನ್ನೇನೆಂದಾರು? ಮುಂದೆ ಅಕ್ಕನ ಮಗಳ ಬಾಯಲ್ಲಿ ಅದಕ್ಕೊಂದು ‘ಮಾವ’ ಸೇರಿಕೊಂಡಿತು. ಹುಟ್ಟಿದಾಗ ಇಟ್ಟ ಹೆಸರು ಕಾಗದಪತ್ರಗಳಿಗಷ್ಟೇ ಉಳಿಯಿತು.

ಆ ಅಕ್ಕನ ಮಗಳೇ ಚೂಟಿ. ನಡೆಯಲು ಕಲಿಯುವ ಮೊದಲೇ ಓಡಲು ಹೊರಟು ಮಂಡಿ ತರಚಿಕೊಂಡವಳು, ಹದಿನೆಂಟಕ್ಕೆ ಬೈಕ್ ರೇಸಿಗಿಳಿದು ಉಳಿದ ಮೈಯನ್ನೂ ತರಚಿಕೊಂಡಳು. ಇಪ್ಪತ್ತೊಂದಕ್ಕೆ ಒಂದು ಸಣ್ಣ ವೃತ್ತಿಪರ ತಂಡ ಅವಳನ್ನು ಸೇರಿಸಿಕೊಂಡಿತು. ಆ ತಂಡದಲ್ಲಿ ನಟ್ಟು ಬೋಲ್ಟಿನಿಂದ ಹಿಡಿದು ಎಲ್ಲದಕ್ಕೂ ಮೇಸ್ತ್ರಿಯೇ ಯಜಮಾನ. ಆತನಿಗೆ ಕೋಪ ಮೂಗಿನ ತುದಿಯಲ್ಲಿ, ಕಣ್ಣೀರು ಅದಕ್ಕಿಂತ ಸ್ವಲ್ಪವೇ ಮೇಲೆ. ಆತನ ಮುಂದೆ ಚೂಟಿ ಇಟ್ಟ ಷರತ್ತು ಒಂದೇ.

“ನನ್ನ ಗಾಡಿಗೆ ಪೆಟ್ರೋಲ್ ಹಾಕೋದು ನಮ್ಮ ಮಾವ.”

“ಪೆಟ್ರೋಲ್ ಯಾರು ಹಾಕಿದ್ರೇನಮ್ಮ?” ಎಂದು ಮೇಸ್ತ್ರಿ ನಕ್ಕಿದ್ದ. ಒಂದು ಸೀಸನ್ ಕಳೆಯುವಷ್ಟರಲ್ಲಿ ಆ ನಗು ನಿಂತಿತು.

ರೇಸಿನ ಪೆಟ್ರೋಲ್ ಎಂದರೆ ನಾವು ನೀವು ಸ್ಕೂಟರಿಗೆ ಸುರಿಯುವಂಥದ್ದಲ್ಲ. ಆ ಪಂದ್ಯಾವಳಿಯಲ್ಲಿ ಎಲ್ಲ ತಂಡಗಳಿಗೂ ಒಂದೇ ಕಡೆಯಿಂದ, ಮೊಹರು ಹಾಕಿದ ಪೀಪಾಯಿಗಳಲ್ಲಿ ಅದು ಬರುತ್ತಿತ್ತು. ಅದಕ್ಕೆ ಏನನ್ನೂ ಬೆರೆಸುವಂತಿಲ್ಲ. ತೀರಾ ತಣ್ಣಗೆ ಮಾಡುವಂತೆಯೂ ಇಲ್ಲ, ಏಕೆಂದರೆ ತಣ್ಣಗಾದ ಪೆಟ್ರೋಲ್ ಕುಗ್ಗುತ್ತದೆ, ಅದೇ ಟ್ಯಾಂಕು ಒಂದು ಗುಟುಕು ಹೆಚ್ಚು ಹಿಡಿಯುತ್ತದೆ, ಆ ಒಂದು ಗುಟುಕೇ ಕೊನೆಯ ಸುತ್ತಿನಲ್ಲಿ ಯಾರನ್ನೋ ಗೆಲ್ಲಿಸಬಹುದು. ರೇಸ್ ಮುಗಿದೊಡನೆ ಅಧಿಕಾರಿಗಳು ತಮಗೆ ಬೇಕಾದ ಬೈಕನ್ನು ತಳ್ಳಿಸಿಕೊಂಡು ಹೋಗಿ ಟ್ಯಾಂಕಿನಿಂದ ಮೂರು ಸೀಸೆ ತೆಗೆಯುತ್ತಾರೆ. ಒಂದು ಲ್ಯಾಬಿಗೆ, ಒಂದು ಅವರ ಕಪಾಟಿಗೆ, ಒಂದು ತಂಡದ ಕೈಗೆ. ಲ್ಯಾಬಿನ ಯಂತ್ರ ಆ ಪೆಟ್ರೋಲನ್ನು ಕಾಗದದ ಮೇಲೆ ಗೆರೆ ಗೆರೆಯಾಗಿ ಬರೆದುಕೊಡುತ್ತದೆ. ಪೀಪಾಯಿಯ ಗೆರೆಗಳಿಗೂ ಸೀಸೆಯ ಗೆರೆಗಳಿಗೂ ತಾಳೆಯಾಗಬೇಕು. ಆಗದಿದ್ದರೆ ಯಾಕೆ, ಹೇಗೆ, ಅಯ್ಯೋ ಪಾಪ ಎಂಬ ಮಾತೇ ಇಲ್ಲ, ಗಳಿಸಿದ ಸ್ಥಾನ ಹೋಯಿತು.

ಈ ಕೆಲಸಕ್ಕೆ ಹನಿಮಾವ ಹೇಳಿ ಮಾಡಿಸಿದಂತಿದ್ದರು. ಪೀಪಾಯಿಯಿಂದ ಹದಿನೈದು ಲೀಟರಿನ ಕ್ಯಾನಿಗೆ, ಕ್ಯಾನಿನಿಂದ ಲಾಳಿಕೆಯಿಟ್ಟು ಟ್ಯಾಂಕಿಗೆ. ತೂಕ ಎಷ್ಟು, ಬಿಸಿ ಎಷ್ಟು, ಹೊತ್ತು ಎಷ್ಟು ಎಂಬುದನ್ನೆಲ್ಲ ಬಾಗಿಲ ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವರು. “ನೀನೂ ಒಂದ್ಸಲ ನಿಂತು ನೋಡ್ಬೇಕಮ್ಮ, ಓಡಿಸೋಳು ನೀನು” ಎಂದು ಚೂಟಿಗೆ ಹೇಳಿದರೆ ಅವಳು ಹೆಲ್ಮೆಟಿನೊಳಗಿಂದಲೇ, “ನೀನು ಹಾಕ್ತಿರೋವಾಗ ನಾನ್ಯಾಕೆ ನೋಡ್ಲಿ ಮಾವ?” ಎನ್ನುವಳು. ಮೂರು ವರ್ಷ ಹೀಗೇ ನಡೆಯಿತು.

ನಾಲ್ಕನೆಯ ವರ್ಷ, ಕೊನೆಯ ರೇಸಿಗೆ ಮುಂಚಿನ ರೇಸಿನಲ್ಲಿ ಚೂಟಿ ಮೂರನೆಯವಳಾಗಿ ಬಂದಳು. ಆ ತಂಡದವರು ಗೆದ್ದವರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೇಸ್ತ್ರಿ ಮುಖ ತೊಳೆಯುವ ನೆಪದಲ್ಲಿ ಹೋಗಿ ಅತ್ತು ಬಂದ. ಐದನೆಯ ದಿನ ಪತ್ರ ಬಂತು. ಸೀಸೆಯ ಪೆಟ್ರೋಲಿನಲ್ಲಿ ಇರಬಾರದ ಮೂರು ಗೆರೆಗಳಿವೆ. ಮೂರನೆಯ ಸ್ಥಾನ ರದ್ದು. ಬೇಕೆಂದೇ ಬೆರೆಸಿದ್ದಾರೆಂದು ಸಮಿತಿಗೆ ಅನ್ನಿಸಿದರೆ ಓಡಿಸಿದವಳಿಗೆ ಒಂದು ವರ್ಷ ನಿಷೇಧ. ಹನ್ನೆರಡು ದಿನ ಬಿಟ್ಟು ವಿಚಾರಣೆ.

ಸ್ಥಾನ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಒಂದು ವರ್ಷ? ಸಣ್ಣ ತಂಡದ ಸವಾರರನ್ನು ಒಮ್ಮೆ ಗಾಡಿಯಿಂದ ಇಳಿಸಿದರೆ ಮತ್ತೆ ಹತ್ತಿಸುವವರು ಯಾರೂ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಲಬೆರಕೆಯವಳು ಎಂಬ ಮಾತು ಅಂಟಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಪಕ್ಕದ ತಂಡದವರು ಆಗಲೇ ಚೂಟಿ ಬರುವುದನ್ನು ಕಂಡು ಮಾತು ನಿಲ್ಲಿಸತೊಡಗಿದ್ದರು.

ಮೇಸ್ತ್ರಿ ಗ್ಯಾರೇಜಿನ ಶಟರ್ ಅರ್ಧ ಎಳೆದು ಹನಿಮಾವ, ಚೂಟಿ ಇಬ್ಬರನ್ನೇ ಕೂರಿಸಿಕೊಂಡ. “ಸೀಸೆ ಮುಚ್ಚಿದ್ದು ಅಧಿಕಾರಿಗಳ ಕಡೆ ಹೊಸ ಹುಡುಗಿ. ಮುಚ್ಚಳ ಸರಿಯಾಗಿ ಕೂತಿರ್ಲಿಲ್ಲ ಅಂತ ಹೇಳೋಣ. ಅವ್ರೂ ಗೊಂದಲಕ್ಕೆ ಬೀಳ್ತಾರೆ.”

“ಆ ಹುಡುಗಿ ಮೂರು ಸುತ್ತು ತಿರುಗಿಸಿ ಬಿಗಿದಿದ್ದನ್ನ ನಾನೇ ನಿಂತು ನೋಡಿದ್ದೀನಿ,” ಎಂದರು ಹನಿಮಾವ. “ಅವಳ ತಲೆಗೆ ಕಟ್ಟೋದು ಬೇಡ. ಪೆಟ್ರೋಲ್ ನನ್ನ ಕೈಯಿಂದ ಹೋಗಿದ್ದು, ಅಂದ್ರೆ ತಪ್ಪೂ ನನ್ನ ಕೈಯಲ್ಲೇ ಎಲ್ಲೋ ಇರ್ಬೇಕು. ಹುಡುಕ್ತೀನಿ.”

“ನಿಮ್ಮ ಕೈ ತಪ್ಪು ಮಾಡುತ್ತಾ?” ಎಂದ ಮೇಸ್ತ್ರಿ. ಅದು ಹೊಗಳಿಕೆಯೋ ಹತಾಶೆಯೋ ಅವನಿಗೇ ತಿಳಿದಿರಲಿಲ್ಲ. ಚೂಟಿ ಟೈರಿನ ಮೇಲೆ ಕುಳಿತು ಉಗುರು ಕಚ್ಚುತ್ತಿದ್ದಳು.

ಹನಿಮಾವ ಪಟ್ಟು ಹಿಡಿದರೆ ಬಿಡುವ ಪೈಕಿಯಲ್ಲ. ಪೀಪಾಯಿಯ ಮೊಹರಿನ ಸಂಖ್ಯೆ ನೋಡಿದರು, ಸರಿಯಿತ್ತು. ಟ್ಯಾಂಕಿನ ಒಳಗೆ ಟಾರ್ಚು ಬಿಟ್ಟರು, ಕನ್ನಡಿಯ ಹಾಗಿತ್ತು. ರಬ್ಬರ್ ಪೈಪು, ವಾಷರು, ಲಾಳಿಕೆ ಒಂದನ್ನೂ ಬಿಡದೆ ಮೂಸಿದರು. ನಾಲ್ಕು ದಿನ ಹೀಗೇ ಹೋಯಿತು. ಊಟದ ಮುಂದೆ ಕುಳಿತರೂ ಕೈ ಗಾಳಿಯಲ್ಲಿ ಏನನ್ನೋ ಸುರಿಯುತ್ತಿತ್ತು. ಹೆಂಡತಿ ನೋಡುವಷ್ಟು ನೋಡಿ, ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ನಿಂತಳು.

ಆಕೆಯ ಕೆಲಸ ಆಸ್ಪತ್ರೆಯಲ್ಲಿ. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ದೊಡ್ಡ ಹಂಡೆಯಂಥ ಯಂತ್ರದಲ್ಲಿಟ್ಟು ಶುದ್ಧ ಮಾಡುವುದು. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡಿ ಮಾಡಿ ‘ಇದು ಕ್ಲೀನಾಗಿದೆ’ ಎಂದು ದೊಡ್ಡ ಡಾಕ್ಟರೇ ಹೇಳಿದರೂ ನಂಬದ ಹೆಂಗಸು.

“ಆ ಕ್ಯಾನು, ಲಾಳಿಕೆ ಎಲ್ಲ ಮನೆಗೆ ತಂದಿದ್ದೀರಲ್ಲ, ಹಿತ್ತಲಿಗೆ ತನ್ನಿ. ನನ್ನ ಮುಂದೆ ಮಾಡಿ ತೋರ್ಸಿ. ನಾನು ಬರ್ಕೊಳ್ತೀನಿ.”

“ಏನು ಬರೀತೀಯ, ನಾನೇ ಹೇಳ್ತೀನಿ.”

“ಹೇಳೋದು ಬೇಡ ರೀ. ಹೇಳೋವಾಗ ಎಲ್ರೂ ಸರಿಯಾಗೇ ಹೇಳ್ತಾರೆ. ಮಾಡಿ.”

ಹಿತ್ತಲಿನಲ್ಲಿ ನೀರಿನ ಡ್ರಮ್ಮೇ ಪೀಪಾಯಿಯಾಯಿತು, ಸ್ಕೂಟರೇ ರೇಸ್ ಬೈಕಾಯಿತು. ಹನಿಮಾವ ಕೈಗವಸು ಹಾಕಿ ಶುರುಮಾಡಿದರು. ಆಕೆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದಾಗಿ ಬರೆದಳು. ಎರಡು ಸಲ ಮಾಡಿದ್ದಾಯಿತು, ಇಪ್ಪತ್ತಮೂರು ಹೆಜ್ಜೆ, ಎಲ್ಲೂ ಕಲೆಯಿಲ್ಲ. ಪೆನ್ನನ್ನು ಗಲ್ಲಕ್ಕೊತ್ತಿಕೊಂಡು ಆಕೆ ಕೇಳಿದಳು.

“ನೀವು ರೇಸಿನ ದಿನದಿಂದ ಶುರುಮಾಡ್ತೀರಲ್ಲ, ಯಾಕೆ? ನಮ್ಮಲ್ಲಿ ಕತ್ತರಿ ಕೆಲಸ ಶುರುವಾಗೋದು ಹಿಂದಿನ ದಿನ ತೊಳೆಯೋದ್ರಿಂದ.”

“ತೊಳೆಯೋದು ಬೇರೆ ಕಣೇ. ಅದು ಕೆಲಸ ಮುಗಿದ ಮೇಲಿಂದು.”

“ಮಾಡಿ, ನೋಡೋಣ.”

ಹನಿಮಾವ ಬೇಸರದಿಂದಲೇ ಕ್ಯಾನು ಬಗ್ಗಿಸಿದರು. ಅಭ್ಯಾಸಬಲದಿಂದ ಬಲಗೈ ಕೆಳಗೆ ಹೋಯಿತು. ಗ್ಯಾರೇಜಿನಲ್ಲಾಗಿದ್ದರೆ ಅಲ್ಲಿ ಬೆಂಚಿನ ಅಡಿ ಇರುತ್ತಿತ್ತು. ಇಲ್ಲಿ ಬರೀ ಗಾಳಿ. ಕೈ ಅಲ್ಲೇ ತಡಕಾಡಿತು.

“ಏನ್ ಹುಡುಕ್ತಿದ್ದೀರಿ?”

“ಡಬ್ಬಿ.”

“ಯಾವ ಡಬ್ಬಿ?”

“ತೊಳೆಯೋ ಡಬ್ಬಿ.”

“ಅದ್ರಲ್ಲೇನಿರುತ್ತೆ?”

“ಪೆಟ್ರೋಲು. ನಮ್ಮ ಹಳೇ ಬಂಕಿಂದ...” ಎಂದವರು ಬಾಯಿ ಹಾಗೇ ತೆರೆದು ನಿಂತರು.

ವಿಷಯ ಇಷ್ಟೇ. ಎರಡು ಲೀಟರಿನ ತಗಡಿನ ಡಬ್ಬಿಯೊಂದನ್ನು ಹನಿಮಾವ ಬೆಂಚಿನಡಿ ಇಟ್ಟುಕೊಂಡಿದ್ದರು. ಅದರ ತುಂಬ ರಸ್ತೆಯ ಪೆಟ್ರೋಲ್. ಪ್ರತಿ ಶನಿವಾರ ಅಭ್ಯಾಸದ ಸುತ್ತುಗಳು ಮುಗಿದ ಮೇಲೆ ಅದನ್ನು ಕ್ಯಾನಿಗೆ ಸುರಿದು, ಗಲಗಲ ಅಲ್ಲಾಡಿಸಿ ತೊಳೆದು, ಬಟ್ಟೆಯಲ್ಲಿ ಸೋಸಿ ಮತ್ತೆ ಡಬ್ಬಿಗೇ ತುಂಬುವರು. ಮೊಹರು ಹಾಕಿ ಬಂದ ರೇಸಿನ ಪೆಟ್ರೋಲಿನಿಂದ ಕ್ಯಾನು ತೊಳೆದು ಚೆಲ್ಲುವುದಕ್ಕೆ ಅವರ ಕೈ ಬರುತ್ತಿರಲಿಲ್ಲ. ನೆಲಕ್ಕೆ ಒಂದು ಹನಿ ಬಿಡದವರು ಅರ್ಧ ಲೀಟರನ್ನು ಹೇಗೆ ಚೆಲ್ಲಿಯಾರು? ತೊಳೆದ ಕ್ಯಾನನ್ನು ಭಾನುವಾರ ಬೆಳಿಗ್ಗೆಯೆಲ್ಲ ಬಿಸಿಲಿಗೆ ಬೋರಲು ಹಾಕಿದರೆ ಬರೀ ತಗಡಿನ ವಾಸನೆ ಉಳಿಯುತ್ತಿತ್ತು. ಮೂರು ವರ್ಷ ಅವರನ್ನು ಕಾಪಾಡಿದ್ದು ಅವರ ಶಿಸ್ತಲ್ಲ, ಬಿಸಿಲು.

ಆಕೆ ಒಂದೇ ಪ್ರಶ್ನೆ ಕೇಳಿದಳು. “ಆವತ್ತು ಒಣಗಿತ್ತಾ?”

ಆ ಭಾನುವಾರ ಬೆಳಗಾಗುತ್ತಲೇ ಮೋಡ ಕವಿದಿತ್ತು. ಬಿರುಗಾಳಿ ಬರುತ್ತದೆಂದು ರೇಸನ್ನು ಎರಡು ಗಂಟೆ ಮೊದಲೇ ಶುರುಮಾಡಿದ್ದರು. ಹನಿಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಅದರ ಹಿಂದೆಯೇ, ಸಿಕ್ಕಿತಲ್ಲ ಎಂಬ ಸಮಾಧಾನವೂ ಬಂತು. ಇಪ್ಪತ್ತನಾಲ್ಕನೆಯ ಹೆಜ್ಜೆ ಎಂದು ಆಕೆ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಳು.

ಮರುದಿನ ಮೇಸ್ತ್ರಿ ಎಲ್ಲ ಕೇಳಿ ತಲೆಯ ಮೇಲೆ ಕೈಹೊತ್ತ. “ನಾಲ್ಕು ವರ್ಷದ ತಂಡ ರಸ್ತೆ ಪೆಟ್ರೋಲಲ್ಲಿ ಕ್ಯಾನ್ ತೊಳೀತು ಅಂದ್ರೆ ನಗ್ತಾರ್ರೀ.”

“ನಗ್ಲಿ. ನಕ್ಕರೆ ನಂಬಿದ್ರು ಅಂತ ಅರ್ಥ. ಬೇಕಂತ ಮೋಸ ಮಾಡಿದವ್ರನ್ನ ನೋಡಿ ಯಾರೂ ನಗಲ್ಲ.”

ಚೂಟಿ ಮೊದಲ ಸಲ ತಲೆಯೆತ್ತಿದಳು. “ನಿನ್ನ ಮತ್ತೆ ಒಳಗೆ ಬಿಡಲ್ಲ ಮಾವ.”

“ಬಿಡದಿದ್ರೆ ಹೊರಗಿರ್ತೀನಿ. ಒಳಗಿರ್ಬೇಕಾದೋಳು ನೀನು.”

“ನನಗೆ ಸಿಟ್ಟಿದೆ ನಿನ್ನ ಮೇಲೆ.”

“ಇರ್ಲಿ, ಇರ್ಬೇಕು. ಅದನ್ನ ಗಾಡಿ ಮೇಲೆ ತೀರ್ಸ್ಕೋ. ಗಾಡಿ ಉಳಿಸೋ ಕೆಲಸ ನಂದು.”

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆಚೆ ಅಧ್ಯಕ್ಷರು, ಇಬ್ಬರು ಸದಸ್ಯರು, ಲ್ಯಾಬಿನ ಮೇಡಂ. ಹನಿಮಾವ ಕ್ಯಾನು, ಲಾಳಿಕೆ, ಡಬ್ಬಿ ಮೂರನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಒಂದನ್ನೂ ಮುಚ್ಚಿಡದೆ ಹೇಳಿದರು. ಸದಸ್ಯರೊಬ್ಬರು ಬಾಯಿಗೆ ಕರವಸ್ತ್ರ ಹಿಡಿದುಕೊಂಡರು. ನಕ್ಕರು, ಸದ್ಯ, ಎಂದುಕೊಂಡರು ಹನಿಮಾವ.

ಅಧ್ಯಕ್ಷರು ನಗಲಿಲ್ಲ. “ನೀವು ಹೇಳಿದ್ದು ನಿಜವೇ ಆದ್ರೂ ಮೂರನೇ ಸ್ಥಾನ ವಾಪಸ್ ಬರಲ್ಲ. ನಿಯಮಕ್ಕೆ ಉದ್ದೇಶ ಲೆಕ್ಕಕ್ಕಿಲ್ಲ.”

“ಗೊತ್ತು ಸಾರ್. ಅದನ್ನ ಕೇಳೋಕೆ ಬಂದಿಲ್ಲ.”

“ಮತ್ತೇನು ಬೇಕು?”

“ನಮ್ಮ ಹುಡುಗಿ ಕಳ್ಳಿ ಅಲ್ಲ ಅಂತ ಬರೆಸ್ಕೊಂಡು ಹೋಗ್ಬೇಕು.”

“ಅದನ್ನ ನಿಮ್ಮ ಬಾಯಿಮಾತಲ್ಲಿ ಬರೆಯೋಕಾಗುತ್ತಾ?”

“ಬಾಯಿಮಾತು ಬೇಡ ಸಾರ್. ಮೊಹರು ಒಡೆಯದ ಪೀಪಾಯಿ ಒಂದು ತರ್ಸಿ. ಆವತ್ತು ತೊಳೆದ ಹಾಗೇ ತೊಳೀತೀನಿ, ಒಣಗಿಸದೆ ತುಂಬ್ತೀನಿ. ಮೇಡಂ ಸೀಸೆ ತಗೊಳ್ಲಿ. ಅದೇ ಗೆರೆ ಬರದಿದ್ರೆ ನಾನು ಸುಳ್ಳುಗಾರ, ನೀವು ಏನು ಬೇಕಾದ್ರೂ ಬರ್ಕೊಳ್ಳಿ.”

ಅಧ್ಯಕ್ಷರು ಇದು ಪದ್ಧತಿಯಲ್ಲ ಎಂದರು. ಹನಿಮಾವ ಕುರ್ಚಿಯಿಂದ ಏಳಲಿಲ್ಲ. ಸಮಯವಿಲ್ಲ ಎಂದರು. ಕಾಯುತ್ತೇನೆ ಎಂದರು ಇವರು. ಕೊನೆಗೆ ಲ್ಯಾಬಿನ ಮೇಡಂ ತಾವಾಗಿ, “ಮಾಡಿ ನೋಡೋಣ ಸಾರ್. ಅಷ್ಟಕ್ಕೂ ಎರಡು ಮೂರು ಚಮಚ ರಸ್ತೆ ಪೆಟ್ರೋಲಿಂದ ಯಾವ ಗಾಡಿಯೂ ಜೋರಾಗಿ ಓಡಲ್ಲ. ನನಗೂ ಅದೇ ಅನುಮಾನ ಇತ್ತು,” ಎಂದರು. ಕಟ್ಟಡದ ಹಿಂದಿನ ಅಂಗಳದಲ್ಲಿ ಎಲ್ಲರೂ ಸುತ್ತ ನಿಂತರು. ಹನಿಮಾವ ತೊಳೆದರು, ಬಗ್ಗಿಸಿದರು, ಡಬ್ಬಿಯ ಬಾಯಿಗೆ ಕ್ಯಾನಿನ ಮೂತಿಯನ್ನು ಮೂರು ಸಲ ಕುಟ್ಟಿದರು.

“ಅದೇನದು?” ಎಂದರು ಮೇಡಂ.

“ಅಭ್ಯಾಸ.”

“ಆವತ್ತೂ ಕುಟ್ಟಿದ್ರಾ?”

“ಕುಟ್ಟದ ದಿನವೇ ಇಲ್ಲ ಮೇಡಂ.”

ನಾಲ್ಕನೆಯ ದಿನ ಫಲಿತಾಂಶ ಬಂತು. ಅದೇ ಮೂರು ಗೆರೆ, ಅದೇ ಜಾಗದಲ್ಲಿ, ಎತ್ತರದಲ್ಲೂ ಕೂದಲೆಳೆಯಷ್ಟೇ ವ್ಯತ್ಯಾಸ. ಸಮಿತಿಯ ತೀರ್ಮಾನ ಒಂದೇ ಪುಟದ್ದು. ಮೂರನೆಯ ಸ್ಥಾನ ರದ್ದಾದದ್ದು ರದ್ದೇ. ಕೊನೆಯ ರೇಸಿನಲ್ಲಿ ಚೂಟಿ ಎಲ್ಲರಿಗಿಂತ ಹಿಂದಿನ ಸಾಲಿನಿಂದ ಹೊರಡಬೇಕು. ಬೇಕೆಂದು ಮಾಡಿದ್ದಲ್ಲವಾದ್ದರಿಂದ ಅವಳಿಗೆ ನಿಷೇಧವಿಲ್ಲ. ಪೆಟ್ರೋಲ್ ತುಂಬಿದವರಿಗೆ ಮಾತ್ರ ಎರಡು ವರ್ಷ ಗ್ಯಾರೇಜಿನ ಸಾಲಿಗೆ ಪ್ರವೇಶವಿಲ್ಲ. ಹನಿಮಾವನಿಗೆ ಆಗ ಐವತ್ತೆಂಟು. ‘ಬೇಕೆಂದು ಮಾಡಿದ್ದಲ್ಲ’ ಎಂಬ ಸಾಲನ್ನು ಎರಡು ಸಲ ಓದಿದರು, ಕತ್ತಿನಲ್ಲಿದ್ದ ಪಾಸನ್ನು ತೆಗೆದು ಮೇಜಿನ ಮೇಲಿಟ್ಟರು.

ಇನ್ನು ತುಂಬುವವರು ಯಾರು? “ನಾನೇ ಹಾಕ್ತೀನಿ ಬಿಡಿ” ಎಂದ ಮೇಸ್ತ್ರಿ.

“ನೀನು ಲೋಟಕ್ಕೆ ಟೀ ಬಗ್ಗಿಸಿದ್ರೆ ಮೇಜು ಒರೆಸೋಕೆ ಒಬ್ರು ಬೇಕು,” ಎಂದರು ಹನಿಮಾವ. “ಇಪ್ಪತ್ತನಾಲ್ಕು ಹೆಜ್ಜೆಯೂ ಬಾಯಿಪಾಠ ಆಗಿರೋರು ನಮ್ಮ ಮನೇಲೇ ಇದ್ದಾರೆ.”

ಆಸ್ಪತ್ರೆಯಲ್ಲಿ ಉಳಿದಿದ್ದ ರಜೆಯನ್ನೆಲ್ಲ ಹಾಕಿ ಆಕೆ ಕಲಿಯಲು ನಿಂತಳು. ಬೆಂಕಿಯಿಂದ ಕಾಪಾಡಿಕೊಳ್ಳುವ ಒಂದು ದಿನದ ತರಬೇತಿ ಮುಗಿಸಿ ಪಾಸು ಪಡೆದಳು. ಹಿತ್ತಲಿನಲ್ಲಿ ಹದಿನೆಂಟು ದಿನ ಅದೇ ಡ್ರಮ್ಮು, ಅದೇ ಸ್ಕೂಟರು. ತೂಗುವುದು, ಅಳೆಯುವುದು, ಬರೆಯುವುದು ಎಲ್ಲ ಆಕೆಗೆ ನೀರು ಕುಡಿದಷ್ಟು ಸಲೀಸಾಯಿತು. ಕಷ್ಟವಾದದ್ದು ಹೊಸ ಪಾಠ, ಅದೂ ಕಲಿಸುವವರಿಗೆ. ಇನ್ನು ಮೇಲೆ ಕ್ಯಾನನ್ನು ರೇಸಿನ ಪೆಟ್ರೋಲಿನಿಂದಲೇ ತೊಳೆಯಬೇಕು, ಅರ್ಧರ್ಧ ಲೀಟರಿನಂತೆ ಎರಡು ಸಲ, ಎರಡು ಸಲವೂ ತ್ಯಾಜ್ಯದ ಡ್ರಮ್ಮಿಗೆ ಚೆಲ್ಲಬೇಕು. ಹಿತ್ತಲಿನ ನೀರನ್ನು ಚೆಲ್ಲಿ ತೋರಿಸುವಾಗಲೂ ಹನಿಮಾವ ಗಿಡದ ಬುಡ ಹುಡುಕಿಕೊಂಡು ಹೋಗುತ್ತಿದ್ದರು.

“ಗಿಡಕ್ಕಲ್ಲ ರೀ, ಡ್ರಮ್ಮಿಗೆ,” ಎಂದು ಆಕೆಯೇ ತಿದ್ದಿದಳು.

ಕೊನೆಯ ರೇಸಿನ ದಿನ ಹನಿಮಾವ ಜನರ ನಡುವೆ ಟಿಕೆಟ್ ಕೊಂಡು ಕುಳಿತರು. ಟ್ರ್ಯಾಕಿನ ಈಚೆ ತಂತಿ ಬೇಲಿ, ಆಚೆ ಗ್ಯಾರೇಜುಗಳ ಸಾಲು. ಮೇಸ್ತ್ರಿಯ ದುರ್ಬೀನು ಕಣ್ಣಿಗಿತ್ತು. ತಮ್ಮ ಗ್ಯಾರೇಜಿನ ಶಟರ್ ಮೇಲಿತ್ತು, ಒಳಗೆ ಹೆಂಡತಿ ಕಾಣುತ್ತಿದ್ದಳು, ಅಳತೆಗೆ ದೊಡ್ಡದಾದ ಕೆಂಪು ಅಂಗಿಯಲ್ಲಿ. ಬಾಗಿಲ ಬಳಿ ಚೂಟಿ ಹೆಲ್ಮೆಟ್ ಹಾಕಿ ನಿಂತಿದ್ದಳು. ಹೆಂಡತಿ ಕ್ಯಾನಿಗೆ ಅರ್ಧ ಲೀಟರ್ ಹಾಕಿ ತಿರುಗಿಸಿದಳು, ಡ್ರಮ್ಮಿಗೆ ಚೆಲ್ಲಿದಳು. ಹನಿಮಾವನ ಮುಷ್ಟಿ ತಾನಾಗಿ ಬಿಗಿಯಿತು. ಎರಡನೆಯ ಸಲ ಹಾಕಿ ತಿರುಗಿಸಿದಳು, ನಿಂತಳು. ಕ್ಯಾನಿನೊಳಗೆ ಬಗ್ಗಿ ನೋಡಿದಳು. ಎಷ್ಟು ಶುಭ್ರವಾಗಿದೆ, ಇದನ್ನು ಯಾಕೆ ದಂಡ ಮಾಡಲಿ ಎಂದುಕೊಳ್ಳುತ್ತಿದ್ದಾಳೆ. ಹನಿಮಾವನಿಗೆ ಅದು ಗೊತ್ತು, ಏಕೆಂದರೆ ಅವರೇ ಆಗಿದ್ದರೆ ಅದನ್ನೇ ಅಂದುಕೊಳ್ಳುತ್ತಿದ್ದರು. ಎದ್ದು ನಿಂತುಬಿಟ್ಟರು.

“ಚೆಲ್ಲು,” ಎಂದರು ಗಟ್ಟಿಯಾಗಿ. “ಚೆಲ್ಲಿಬಿಡು.”

ಪಕ್ಕದಲ್ಲಿ ಕುಳಿತವನು ತನ್ನ ತಂಪು ಪಾನೀಯದ ಲೋಟವನ್ನು ಆಚೆಗೆ ಸರಿಸಿಕೊಂಡ. ಅಷ್ಟು ದೂರದಿಂದ ಆಕೆಗೆ ಕೇಳಿಸುವಂತಿರಲಿಲ್ಲ. ಆದರೂ ಕ್ಷಣ ಬಿಟ್ಟು ಕ್ಯಾನು ಬಗ್ಗಿತು, ಅರ್ಧ ಲೀಟರ್ ಪೆಟ್ರೋಲ್ ಡ್ರಮ್ಮಿಗೆ ಹೋಯಿತು. ಹನಿಮಾವ ಕುಳಿತುಕೊಂಡರು.

ಇಪ್ಪತ್ತನಾಲ್ಕು ಜನರಲ್ಲಿ ಕೊನೆಯವಳಾಗಿ ಹೊರಟ ಚೂಟಿ ಏಳನೆಯವಳಾಗಿ ಬಂದಳು. ತಿರುವುಗಳಲ್ಲಿ ಸಿಟ್ಟನ್ನೆಲ್ಲ ತೀರಿಸಿಕೊಂಡ ಹಾಗಿತ್ತು. ಅಧಿಕಾರಿಗಳು ನೇರ ಅವಳ ಬೈಕಿನ ಮುಂದೆಯೇ ಬಂದು ನಿಂತರು, ಮೂರು ಸೀಸೆ ತೆಗೆದರು. ಮತ್ತೆ ಐದು ದಿನ ಕಾಯಬೇಕಾಯಿತು. ಆ ಐದು ದಿನ ಹನಿಮಾವ ಹಿತ್ತಲಿನ ಗಿಡಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕಿದರು.

ಆರನೆಯ ದಿನ ಬೆಳಿಗ್ಗೆ ಚೂಟಿ ಮನೆಗೆ ಬಂದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತಂಡದ ಪಾಲಿನ ಸೀಸೆ. ಕಾಗದದಲ್ಲಿ ಒಂದೇ ಪದ ಮುಖ್ಯ, ತಾಳೆಯಾಗಿದೆ. ಅತ್ತೆ ಅದನ್ನು ಓದಿ, ಮಡಿಸಿ, ನೋಟ್‌ಬುಕ್ಕಿನೊಳಗೆ ಇಟ್ಟಳು. ಹನಿಮಾವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ರೇಸಿನ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದರು.

“ಅತ್ತೆ ಪೆಟ್ರೋಲ್ ಹಾಕೋವಾಗ ನಿಂತು ನೋಡಿದ್ಯಾ?”

“ಇಲ್ಲ ಮಾವ.”

“ಇಷ್ಟೆಲ್ಲ ಆದ ಮೇಲೂ ನೋಡ್ಲಿಲ್ವಾ?”

“ನೋಡ್ಬೇಕು ಅಂತಲೇ ನಿಂತಿದ್ದೆ. ಇನ್ನೇನು ಒಳಗೆ ತಿರುಗ್ಬೇಕು, ಬೇಲಿ ಆಚೆ ಅಷ್ಟು ಜನರ ಮಧ್ಯೆ ನೀನೊಬ್ನೇ ಎದ್ದು ನಿಂತಿದ್ದು ಕಾಣ್ತು. ನೀನು ನೋಡ್ತಿದ್ದೀಯಲ್ಲ, ಇನ್ನು ನಾನ್ಯಾಕೆ ನೋಡ್ಲಿ ಅಂತ ಹೋಗಿ ಗಾಡಿ ಹತ್ತಿದೆ.”